ಗಡಿ ಬದಲಾಗದ ಯುದ್ಧ: 1812ರಿಂದ 1815

1812ರ ಜೂನ್ 18ರಂದು ಅಮೆರಿಕ ಸಂಯುಕ್ತ ಸಂಸ್ಥಾನ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು. ಬ್ರಿಟನ್ ಆ ದೇಶದ ಸ್ವಾತಂತ್ರ್ಯವನ್ನು ಒಪ್ಪಿಕೊಂಡು ಆಗಿನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಹೊಸ ಸಂವಿಧಾನದ ಪ್ರಕಾರ ಅಮೆರಿಕ ವಿಧಿವತ್ತಾಗಿ ಸಾರಿದ ಮೊದಲ ಯುದ್ಧ ಇದು. ಎರಡೂವರೆ ವರ್ಷ ಕಾಳಗ ನಡೆಯಿತು. 1814ರ ಡಿಸೆಂಬರ್ 24ರಂದು, ಈಗಿನ ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ, ಎರಡೂ ಕಡೆಯವರು ಸಂಧಿಪತ್ರಕ್ಕೆ ಸಹಿ ಹಾಕಿದರು. ಯುದ್ಧಕ್ಕೆ ಮೊದಲು ಯಾವ ನೆಲ ಯಾರ ಕೈಯಲ್ಲಿತ್ತೋ ಅದು ಅವರಿಗೇ ಮರಳಬೇಕು ಎಂಬುದು ಅದರ ಸಾರ. ಎರಡು ಸರ್ಕಾರಗಳ ನಡುವಿನ ಗಡಿ ಇದ್ದಲ್ಲೇ ಉಳಿಯಿತು.

ಹಾಗಿದ್ದರೆ ಈ ಯುದ್ಧದಿಂದ ಏನೂ ಆಗಲಿಲ್ಲವೇ? ಬಹಳ ಆಯಿತು. ಆದರೆ ಅದು ಸಂಧಿಪತ್ರದಲ್ಲಿ ಕಾಣುವುದಿಲ್ಲ. ಸಹಿ ಹಾಕಿದ ಇಬ್ಬರೂ ತಮ್ಮ ತಮ್ಮ ನೆಲ ಉಳಿಸಿಕೊಂಡರು. ಮಾತುಕತೆಗೆ ಯಾರೂ ಕರೆಯದ ಮೂರನೆಯವರು ನೆಲ ಕಳೆದುಕೊಂಡರು. ಅವರು ಆ ಖಂಡದ ಮೂಲನಿವಾಸಿಗಳು. ಈ ಯುದ್ಧದ ಕಾರಣಗಳನ್ನೂ ಫಲಗಳನ್ನೂ ಕೇಳುವಾಗ ಕೇಳುಗರು ಈ ಮೂರನೆಯವರನ್ನು ಮರೆಯಬಾರದು.

ಕಾರಣಗಳು ಮೊದಲು ಹುಟ್ಟಿದ್ದು ಸಮುದ್ರದಲ್ಲಿ. 1803ರಿಂದ ಬ್ರಿಟನ್ನಿಗೂ ನೆಪೋಲಿಯನ್ನನ ಫ್ರಾನ್ಸಿಗೂ ಮತ್ತೆ ಯುದ್ಧ ನಡೆದಿತ್ತು. ನೆಲದ ಮೇಲೆ ನೆಪೋಲಿಯನ್ ಪ್ರಬಲ, ನೀರಿನ ಮೇಲೆ ಬ್ರಿಟನ್ ಪ್ರಬಲ. ಒಬ್ಬರನ್ನೊಬ್ಬರು ನೇರವಾಗಿ ಸೋಲಿಸಲಾಗದೆ, ಇಬ್ಬರೂ ಎದುರಾಳಿಯ ವ್ಯಾಪಾರದ ಕತ್ತು ಹಿಚುಕಲು ಹೊರಟರು. ಬ್ರಿಟನ್ನಿನ ಸರಕು ಯೂರೋಪಿಗೆ ಬರಕೂಡದೆಂದು ನೆಪೋಲಿಯನ್ 1806ರಲ್ಲಿ ಬರ್ಲಿನ್ನಿನಿಂದ ಆಜ್ಞೆ ಹೊರಡಿಸಿದ. ಬ್ರಿಟನ್ ಮರುವರ್ಷ ರಾಜಸಭೆಯ ಆದೇಶಗಳ ಮೂಲಕ ಉತ್ತರ ಕೊಟ್ಟಿತು. ಯೂರೋಪಿಗೆ ಹೋಗುವ ತಟಸ್ಥ ಹಡಗು ಮೊದಲು ಬ್ರಿಟಿಷ್ ಬಂದರಿಗೆ ಬಂದು ಅನುಮತಿ ಪಡೆಯಬೇಕು ಎಂದಿತು. ಹಾಗೆ ಅನುಮತಿ ಪಡೆದ ಹಡಗನ್ನು ಹಿಡಿದು ಮುಟ್ಟುಗೋಲು ಹಾಕುತ್ತೇನೆ ಎಂದು ನೆಪೋಲಿಯನ್ ತಿರುಗಿ ಸಾರಿದ. ತಟಸ್ಥ ದೇಶಗಳಲ್ಲಿ ಅತಿ ಹೆಚ್ಚು ಸರಕು ಸಾಗಿಸುತ್ತಿದ್ದುದು ಅಮೆರಿಕ. ಅದರ ಹಡಗುಗಳು ಬ್ರಿಟನ್ನಿನ ಮಾತು ಕೇಳಿದರೆ ಫ್ರೆಂಚರ ಕೈಗೆ, ಫ್ರೆಂಚರ ಮಾತು ಕೇಳಿದರೆ ಬ್ರಿಟಿಷರ ಕೈಗೆ ಸಿಕ್ಕುವಂತಾಯಿತು. ನೂರಾರು ಹಡಗುಗಳು ಹೀಗೆ ಹೋದವು.

ಸರಕಿನ ನಷ್ಟ ವರ್ತಕರದು. ಜನರ ಮನಸ್ಸನ್ನು ಕೆರಳಿಸಿದ್ದು ಮನುಷ್ಯರ ಅಪಹರಣ. ಬ್ರಿಟಿಷ್ ನೌಕಾಪಡೆಗೆ ಲಕ್ಷಕ್ಕೂ ಮಿಕ್ಕ ನಾವಿಕರು ಬೇಕಾಗಿತ್ತು. ಅಲ್ಲಿ ಸಂಬಳ ಕಡಿಮೆ, ಚಾಟಿಯೇಟು ಹೆಚ್ಚು. ಓಡಿಹೋದವರು ಅಮೆರಿಕದ ವ್ಯಾಪಾರಿ ಹಡಗು ಸೇರಿ ಒಳ್ಳೆಯ ಸಂಬಳ ಎಣಿಸುತ್ತಿದ್ದರು. ಅವರನ್ನು ಹಿಡಿಯುವ ನೆಪದಲ್ಲಿ ಬ್ರಿಟಿಷ್ ಅಧಿಕಾರಿಗಳು ನಡುಗಡಲಿನಲ್ಲಿ ಅಮೆರಿಕದ ಹಡಗುಗಳನ್ನು ತಡೆದು, ಆಳುಗಳನ್ನು ಸಾಲಾಗಿ ನಿಲ್ಲಿಸಿ, ಬೇಕಾದವರನ್ನು ಎಳೆದೊಯ್ಯುತ್ತಿದ್ದರು. ಬ್ರಿಟನ್ನಿನಲ್ಲಿ ಹುಟ್ಟಿದವನು ಸಾಯುವವರೆಗೂ ಅಲ್ಲಿನ ದೊರೆಯ ಪ್ರಜೆ ಎಂಬುದು ಅವರ ವಾದ. ಬೇರೆ ದೇಶದ ಪೌರತ್ವ ಪಡೆದರೂ ಅವರು ಲೆಕ್ಕಕ್ಕಿಡುತ್ತಿರಲಿಲ್ಲ. ಅಮೆರಿಕದ ನಾವಿಕರು ಪೌರತ್ವದ ಪತ್ರ ಹಿಡಿದು ಓಡಾಡತೊಡಗಿದರು. ಎತ್ತರ ಎಷ್ಟು, ಕೂದಲಿನ ಬಣ್ಣ ಯಾವುದು, ಮೈಮೇಲೆ ಗಾಯದ ಗುರುತು ಎಲ್ಲಿ ಎಂದು ಅದರಲ್ಲಿ ಬರೆದಿರುತ್ತಿತ್ತು. ಅಂಥ ಪತ್ರಗಳು ದುಡ್ಡಿಗೂ ಸಿಗುತ್ತಿದ್ದುದರಿಂದ ಬ್ರಿಟಿಷರು ಅವನ್ನು ನಂಬುತ್ತಿರಲಿಲ್ಲ. ಯುದ್ಧಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ ಸುಮಾರು 6000 ಅಮೆರಿಕನ್ನರು ಹೀಗೆ ಬಲವಂತವಾಗಿ ಬ್ರಿಟಿಷ್ ನೌಕಾಪಡೆ ಸೇರಬೇಕಾಯಿತು ಎಂಬ ಅಂದಾಜಿದೆ.

ಒಂದು ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ಕೇಳಬೇಕು. 1807ರ ಜೂನ್ 22. ಚೆಸಪೀಕ್ ಎಂಬ ಅಮೆರಿಕದ ಯುದ್ಧನೌಕೆ ವರ್ಜೀನಿಯದ ನಾರ್ಫೋಕ್ ಕಡೆಯಿಂದ ಹೊರಟಿತ್ತು. ಮೆಡಿಟರೇನಿಯನ್ನಿಗೆ ದೂರದ ಪಯಣ. ಅಟ್ಟದ ತುಂಬ ಸಾಮಾನು ಸರಂಜಾಮು ಹರಡಿತ್ತು. ತೋಪುಗಳು ಸಿದ್ಧವಿರಲಿಲ್ಲ. ದಡ ಇನ್ನೂ ದೂರವಾಗಿರಲಿಲ್ಲ, ಲೆಪರ್ಡ್ ಎಂಬ ಬ್ರಿಟಿಷ್ ನೌಕೆ ಪಕ್ಕಕ್ಕೆ ಬಂದು, ಓಡಿಬಂದ ನಾವಿಕರನ್ನು ಒಪ್ಪಿಸಬೇಕೆಂದು ಕೇಳಿತು. ಕಪ್ತಾನ ಜೇಮ್ಸ್ ಬ್ಯಾರನ್ ಒಪ್ಪಲಿಲ್ಲ. ಲೆಪರ್ಡ್ ಗುಂಡಿನ ಮಳೆಗರೆಯಿತು. ಚೆಸಪೀಕ್ ಬಾವುಟ ಇಳಿಸುವ ಮೊದಲು ಹಾರಿಸಲು ಸಾಧ್ಯವಾದದ್ದು ಒಂದೇ ಒಂದು ಗುಂಡು. ಮೂವರು ಅಲ್ಲೇ ಸತ್ತರು. ಇಪ್ಪತ್ತರ ಹತ್ತಿರ ಜನ ಗಾಯಗೊಂಡರು. ಬ್ರಿಟಿಷರು ನಾಲ್ವರನ್ನು ಹಿಡಿದೊಯ್ದರು. ಅವರಲ್ಲಿ ಒಬ್ಬ ಮಾತ್ರ ಬ್ರಿಟನ್ನಿನಲ್ಲಿ ಹುಟ್ಟಿದವನು, ಅವನನ್ನು ಗಲ್ಲಿಗೇರಿಸಿದರು. ಉಳಿದ ಮೂವರು ಅಮೆರಿಕನ್ನರು. ಬದುಕುಳಿದ ಇಬ್ಬರನ್ನು ಹಿಂದಿರುಗಿಸುವ ಹೊತ್ತಿಗೆ 1812 ಬಂದಿತ್ತು.

ಅಂದು ಅಧ್ಯಕ್ಷರಾಗಿದ್ದವರು ಥಾಮಸ್ ಜೆಫರ್ಸನ್. ಅವರು ಯುದ್ಧದ ಬದಲು ವ್ಯಾಪಾರ ನಿಲ್ಲಿಸುವ ದಾರಿ ಹಿಡಿದರು. ಅಮೆರಿಕದ ಯಾವ ಹಡಗೂ ಹೊರದೇಶಕ್ಕೆ ಹೋಗಕೂಡದೆಂದು 1807ರ ಡಿಸೆಂಬರಿನಲ್ಲಿ ಕಾನೂನು ಬಂತು. ಪೆಟ್ಟು ಬಿದ್ದದ್ದು ತಮಗೇ. ಒಂದೇ ವರ್ಷದಲ್ಲಿ ರಫ್ತು ಸುಮಾರು 11 ಕೋಟಿ ಡಾಲರಿನಿಂದ ಎರಡು ಕೋಟಿ ಚಿಲ್ಲರೆಗೆ ಇಳಿಯಿತು. ದೇಶದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಬಂದರುಗಳಲ್ಲಿ ಹಡಗುಗಳು ಕಟ್ಟಿದಲ್ಲೇ ಉಳಿದವು. ಆ ಕಾನೂನು ರದ್ದಾಯಿತು, ಬೇರೆ ಎರಡು ಬಂದವು, ಅವುಗಳಿಂದಲೂ ಬ್ರಿಟನ್ ಬಗ್ಗಲಿಲ್ಲ.

ಇಷ್ಟು ಸಮುದ್ರದ ಮಾತು: ಹಡಗುಗಳ ಮುಟ್ಟುಗೋಲು ಮತ್ತು ನಾವಿಕರ ಅಪಹರಣ. ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ 1812ರ ಜೂನ್ 1ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶದಲ್ಲಿ ಇವೇ ಮುಂದಿದ್ದವು. ಆದರೆ ಮತದಾನದ ಲೆಕ್ಕ ಬೇರೊಂದು ಕಥೆ ಹೇಳುತ್ತದೆ. ಕೆಳಮನೆಯಲ್ಲಿ ಯುದ್ಧದ ಪರ 79 ಮತ, ವಿರುದ್ಧ 49. ಸೆನೆಟ್ಟಿನಲ್ಲಿ ಪರ 19, ವಿರುದ್ಧ 13. ಹಡಗು, ನಾವಿಕ, ಬಂದರು ಎಲ್ಲ ಇದ್ದ ನ್ಯೂ ಇಂಗ್ಲೆಂಡಿನ ಪ್ರತಿನಿಧಿಗಳಲ್ಲಿ ಬಹುಪಾಲು ಜನ ಯುದ್ಧ ಬೇಡವೆಂದರು. ಸಮುದ್ರವೇ ಇಲ್ಲದ ಕೆಂಟಕಿ, ಟೆನೆಸಿಯಂಥ ಒಳನಾಡಿನವರು, ದಕ್ಷಿಣದವರು ಬೇಕೆಂದರು. ಕೆಂಟಕಿಯ ಹೆನ್ರಿ ಕ್ಲೇ, ದಕ್ಷಿಣ ಕೆರೊಲೈನದ ಜಾನ್ ಕ್ಯಾಲ್‌ಹೂನ್ ಅವರ ಮುಂದಾಳುಗಳು. ಒಳನಾಡಿಗೆ ಯುದ್ಧ ಏಕೆ ಬೇಕಾಗಿತ್ತು?

ಭೂಪಟವನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ. ಉತ್ತರಕ್ಕೆ ಐದು ಮಹಾಸರೋವರಗಳು, ಅವುಗಳಾಚೆ ಬ್ರಿಟಿಷರ ಕೆನಡ. ಪಶ್ಚಿಮಕ್ಕೆ ಮಿಸಿಸಿಪ್ಪಿ ನದಿ. ಸರೋವರಗಳಿಗೂ ಆ ನದಿಗೂ ನಡುವಿನ ಕಾಡು, ಬಯಲುಗಳಲ್ಲಿ ಶಾನಿ, ಮಯಾಮಿ, ಪೊಟವಾಟಮಿ ಮುಂತಾದ ಜನಾಂಗಗಳು ಬಾಳುತ್ತಿದ್ದವು. ಅಮೆರಿಕದ ಒಕ್ಕಲುಗಳು ಈ ನೆಲಕ್ಕೆ ನುಗ್ಗುತ್ತಿದ್ದರು. ಇಂಡಿಯಾನ ಪ್ರಾಂತ್ಯದ ಗವರ್ನರ್ ವಿಲಿಯಂ ಹೆನ್ರಿ ಹ್ಯಾರಿಸನ್ 1809ರಲ್ಲಿ ಫೋರ್ಟ್ ವೇನ್ ಎಂಬಲ್ಲಿ ಕೆಲವು ಮುಖಂಡರಿಂದ ಸುಮಾರು 30 ಲಕ್ಷ ಎಕರೆ ಬರೆಸಿಕೊಂಡರು.

ಶಾನಿ ನಾಯಕ ಟೆಕಮ್ಸೆ ಇದನ್ನು ಒಪ್ಪಲಿಲ್ಲ. ನೆಲ ಎಲ್ಲ ಮೂಲನಿವಾಸಿಗಳಿಗೂ ಸೇರಿದ್ದು, ಒಂದು ಜನಾಂಗ ತಾನೇ ಮಾರಲು ಬರುವುದಿಲ್ಲ ಎಂಬುದು ಅವನ ನಿಲುವು. ಈ ನಿಲುವಿನ ಮೇಲೆ ಅವನು ಉತ್ತರದ ಸರೋವರಗಳಿಂದ ದಕ್ಷಿಣದ ಕ್ರೀಕ್ ಜನರವರೆಗೆ ಓಡಾಡಿ ಒಕ್ಕೂಟ ಕಟ್ಟತೊಡಗಿದ. ಅವನ ತಮ್ಮ ಟೆನ್‌ಸ್ಕ್ವಾಟವ ಧರ್ಮಗುರು. ಹೊಸಬರ ಹೆಂಡ, ಹೊಸಬರ ಬಟ್ಟೆಬರೆ ಬಿಟ್ಟು ಹಿರಿಯರ ದಾರಿಗೆ ಮರಳಿ ಎಂದು ಅವನು ಬೋಧಿಸುತ್ತಿದ್ದ. ಅಣ್ಣತಮ್ಮಂದಿರು ಟಿಪೆಕನೂ ಮತ್ತು ವಾಬಾಶ್ ನದಿಗಳು ಕೂಡುವಲ್ಲಿ ಒಂದು ಊರು ಕಟ್ಟಿದ್ದರು. 1811ರ ನವೆಂಬರಿನಲ್ಲಿ ಟೆಕಮ್ಸೆ ದಕ್ಷಿಣಕ್ಕೆ ಹೋಗಿದ್ದ ಸಮಯ ನೋಡಿ ಹ್ಯಾರಿಸನ್ ಸೇನೆ ತಂದರು. ನಸುಕಿನಲ್ಲಿ ಕಾಳಗವಾಯಿತು. ಅಮೆರಿಕನ್ನರು ಆ ಊರನ್ನು ಸುಟ್ಟರು. ಅಲ್ಲಿ ಬ್ರಿಟಿಷ್ ಬಂದೂಕುಗಳು ಸಿಕ್ಕಿದವು ಎಂಬ ಸುದ್ದಿ ಹರಡಿತು. ಮೂಲನಿವಾಸಿಗಳ ಬೆನ್ನಿಗೆ ಬ್ರಿಟನ್ ಇದೆ, ಕೆನಡ ಕೈಗೆ ಬರದೆ ಪಶ್ಚಿಮ ನಮ್ಮದಾಗದು ಎಂಬ ಭಾವನೆ ಒಳನಾಡಿನಲ್ಲಿ ಗಟ್ಟಿಯಾಯಿತು.

ನಾವಿಕರ ಮಾನದ ಪ್ರಶ್ನೆ ಸುಳ್ಳಲ್ಲ. ಆದರೆ ಆ ಪ್ರಶ್ನೆಯೊಂದೇ ಇದ್ದಿದ್ದರೆ 1807ರಲ್ಲೇ ಯುದ್ಧವಾಗಬೇಕಿತ್ತು. 1812ರಲ್ಲಿ ಅದಕ್ಕೆ ಬಲ ಕೊಟ್ಟದ್ದು ನೆಲದ ಹಸಿವು.

ಇನ್ನೊಂದು ಸಂಗತಿ ಸೇರಿಸಬೇಕು. ಯುದ್ಧ ಸಾರುವ ಹೊತ್ತಿಗೆ ಲಂಡನ್ನಿನಲ್ಲಿ ಮನಸ್ಸು ಬದಲಾಗಿತ್ತು. ಮೇ 11ರಂದು ಪ್ರಧಾನಿ ಸ್ಪೆನ್ಸರ್ ಪರ್ಸಿವಲ್ ಅವರನ್ನು ಪಾರ್ಲಿಮೆಂಟಿನ ಹಜಾರದಲ್ಲೇ ಒಬ್ಬ ಗುಂಡಿಟ್ಟು ಕೊಂದ. ಹೊಸ ಸರ್ಕಾರ ತಟಸ್ಥ ಹಡಗುಗಳ ಮೇಲಿನ ಆ ವಿವಾದದ ಆದೇಶಗಳನ್ನು ಕೈಬಿಡುವುದಾಗಿ ಜೂನ್ 16ರಂದು ತಿಳಿಸಿತು. ಅಮೆರಿಕ ಯುದ್ಧ ಸಾರಲು ಆಗ ಎರಡೇ ದಿನ ಉಳಿದಿತ್ತು. ತಂತಿಯಿಲ್ಲದ ಕಾಲ. ಸುದ್ದಿ ಹಡಗಿನಲ್ಲಿ ಸಾಗರ ದಾಟಲು ವಾರಗಟ್ಟಲೆ ಬೇಕಾಗಿತ್ತು. ವಾಷಿಂಗ್ಟನ್ನಿಗೆ ಅದು ಮುಟ್ಟಿದಾಗ ಸೈನ್ಯಗಳು ಹೊರಟಾಗಿತ್ತು. ನಾವಿಕರ ಅಪಹರಣದ ಹಕ್ಕನ್ನು ಬ್ರಿಟನ್ ಬಿಟ್ಟಿಲ್ಲವೆಂದು ಹೇಳಿ ಮ್ಯಾಡಿಸನ್ ಯುದ್ಧ ಮುಂದುವರಿಸಿದರು.

ಕಾರಣಗಳು ಹೀಗೆ ಸಮುದ್ರದಲ್ಲೂ ಇದ್ದವು, ಕಾಡಿನಲ್ಲೂ ಇದ್ದವು. ಇನ್ನು ಯುದ್ಧದ ನಡೆ.

ಅಮೆರಿಕದ ಜನಸಂಖ್ಯೆ 75 ಲಕ್ಷ, ಬ್ರಿಟಿಷ್ ಉತ್ತರ ಅಮೆರಿಕದ್ದು ಸುಮಾರು ಐದು ಲಕ್ಷ. ಕೆನಡ ಸುಲಭದ ತುತ್ತು ಎಂದೇ ಅಮೆರಿಕದ ಮುಖಂಡರು ಎಣಿಸಿದ್ದರು. ಆದರೆ ಸೈನ್ಯ ಚಿಕ್ಕದು, ತರಬೇತಿ ಕಡಿಮೆ. ತುಕಡಿ ಸೇರಿದ ಊರವರಲ್ಲಿ ಹಲವರು ತಮ್ಮ ಸಂಸ್ಥಾನದ ಗಡಿ ದಾಟಿ ಹೋರಾಡಲು ಒಪ್ಪುತ್ತಿರಲಿಲ್ಲ. 1812ರ ಆಗಸ್ಟಿನಲ್ಲಿ ಜನರಲ್ ಹಲ್ ಡೆಟ್ರಾಯಿಟ್ ಕೋಟೆಯನ್ನು ಎರಡು ಸಾವಿರಕ್ಕೂ ಹೆಚ್ಚು ಸೈನಿಕರ ಸಮೇತ ಶತ್ರುವಿಗೆ ಒಪ್ಪಿಸಿಬಿಟ್ಟರು. ಎದುರಿಗಿದ್ದವರು ಬ್ರಿಟಿಷ್ ಸೇನಾನಿ ಐಸಾಕ್ ಬ್ರಾಕ್ ಮತ್ತು ಟೆಕಮ್ಸೆ. ಇಬ್ಬರ ಬಲ ಕೂಡಿದರೂ ಕೋಟೆಯೊಳಗಿನವರಿಗಿಂತ ಹೆಚ್ಚಿರಲಿಲ್ಲ. ಬ್ರಾಕ್ ಅಕ್ಟೋಬರಿನಲ್ಲಿ ನಯಾಗರ ನದಿಯ ಬಳಿ ಕ್ವೀನ್‌ಸ್ಟನ್ ಗುಡ್ಡದ ಕಾಳಗದಲ್ಲಿ ಸತ್ತರು. ಕಾಳಗ ಬ್ರಿಟಿಷರಿಗೇ ಗೆಲುವಾಯಿತು.

ನೀರಿನ ಮೇಲೆ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಬ್ರಿಟನ್ನಿನದು ಐನೂರಕ್ಕೂ ಮಿಕ್ಕ ಯುದ್ಧನೌಕೆಗಳು, ಅಮೆರಿಕದ್ದು ಇಪ್ಪತ್ತಕ್ಕೂ ಕಡಿಮೆ. ಆದರೂ ಕಾನ್‌ಸ್ಟಿಟ್ಯೂಷನ್ ಎಂಬ ಅಮೆರಿಕದ ನೌಕೆ ಆ ಆಗಸ್ಟಿನಲ್ಲೇ ಗೆರಿಯೇರ್ ಎಂಬ ಬ್ರಿಟಿಷ್ ನೌಕೆಯನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ನುಚ್ಚುನೂರು ಮಾಡಿತು. ಇಂಥ ಗೆಲುವುಗಳು ಜನರಿಗೆ ಧೈರ್ಯ ಕೊಟ್ಟವು, ಯುದ್ಧದ ತೂಕ ಬದಲಿಸಲಿಲ್ಲ. ಬ್ರಿಟನ್ ಅಮೆರಿಕದ ಕರಾವಳಿಗೆ ದಿಗ್ಬಂಧನ ಹಾಕಿತು. 1811ರಲ್ಲಿ ಆರು ಕೋಟಿ ಡಾಲರ್ ಇದ್ದ ರಫ್ತು 1814ಕ್ಕೆ 70 ಲಕ್ಷಕ್ಕೆ ಕುಸಿಯಿತು. ಖಜಾನೆ ಬರಿದಾಯಿತು.

1813ರಲ್ಲಿ ಎರಡು ಘಟನೆಗಳು ಮುಖ್ಯ. ಏಪ್ರಿಲಿನಲ್ಲಿ ಅಮೆರಿಕನ್ನರು ಮೇಲಣ ಕೆನಡದ ರಾಜಧಾನಿ ಯಾರ್ಕ್ ಹಿಡಿದು ಅಲ್ಲಿನ ಸರ್ಕಾರಿ ಕಟ್ಟಡಗಳನ್ನು ಸುಟ್ಟರು. ಆ ಊರೇ ಇಂದಿನ ಟೊರಾಂಟೊ. ಸೆಪ್ಟೆಂಬರಿನಲ್ಲಿ ಆಲಿವರ್ ಪೆರಿ ಈರಿ ಸರೋವರದ ಮೇಲಿನ ಬ್ರಿಟಿಷ್ ನೌಕೆಗಳನ್ನೆಲ್ಲ ಸೆರೆಹಿಡಿದರು. ಸರೋವರ ಕೈಬಿಟ್ಟ ಮೇಲೆ ಬ್ರಿಟಿಷರಿಗೆ ಡೆಟ್ರಾಯಿಟಿನಲ್ಲಿ ಅನ್ನ, ಮದ್ದುಗುಂಡು ತರಿಸಲು ದಾರಿಯಿಲ್ಲ. ಅವರು ಹಿಂದೆ ಸರಿದರು. ಟೆಕಮ್ಸೆ ನಿಂತು ಕಾದೋಣವೆಂದು ಒತ್ತಾಯಿಸಿದ. ಕೊನೆಗೆ ಅಕ್ಟೋಬರ್ 5ರಂದು ಕೆನಡದ ಥೇಮ್ಸ್ ನದಿಯ ಬಳಿ ಸೇನೆ ನಿಂತಿತು. ಬ್ರಿಟಿಷರ ಸಾಲು ಕೆಲವೇ ನಿಮಿಷಗಳಲ್ಲಿ ಮುರಿಯಿತು. ಮೂಲನಿವಾಸಿಗಳು ಕಾದರು. ಟೆಕಮ್ಸೆ ಅಲ್ಲೇ ಬಿದ್ದ. ಅವನ ಒಕ್ಕೂಟವನ್ನು ಅವನ ಹಾಗೆ ಹಿಡಿದು ನಿಲ್ಲಿಸುವವರು ಮತ್ತೆ ಬರಲಿಲ್ಲ.

ಇಲ್ಲಿಯವರೆಗೆ ಕೆನಡ ಅಮೆರಿಕಕ್ಕೆ ಸಿಕ್ಕಲಿಲ್ಲ, ಆದರೆ ಟೆಕಮ್ಸೆಯ ಬಲ ಮುರಿಯಿತು. 1814ರ ಏಪ್ರಿಲಿನಲ್ಲಿ ನೆಪೋಲಿಯನ್ ಸಿಂಹಾಸನ ಬಿಟ್ಟ. ಬ್ರಿಟನ್ನಿಗೆ ಈಗ ಅಮೆರಿಕದ ಕಡೆ ಸೈನ್ಯ ತಿರುಗಿಸಲು ಬಿಡುವಾಯಿತು. ಆಗಸ್ಟ್ 24ರಂದು ಸುಮಾರು 4000 ಬ್ರಿಟಿಷ್ ಸೈನಿಕರು ವಾಷಿಂಗ್ಟನ್ನಿನ ಹತ್ತಿರದ ಬ್ಲೇಡನ್ಸ್‌ಬರ್ಗಿನಲ್ಲಿ ತಮಗಿಂತ ದೊಡ್ಡ ಅಮೆರಿಕನ್ ಪಡೆಯನ್ನು ಚದುರಿಸಿದರು. ಅಂದೇ ರಾತ್ರಿ ರಾಜಧಾನಿ ಹೊತ್ತಿ ಉರಿಯಿತು. ಸಂಸತ್ ಭವನ, ಅಧ್ಯಕ್ಷರ ನಿವಾಸ, ಖಜಾನೆಯ ಕಟ್ಟಡ ಸುಟ್ಟವು. ಸಂಸತ್ ಭವನದೊಳಗಿದ್ದ ಕಾಂಗ್ರೆಸ್ಸಿನ ಗ್ರಂಥಾಲಯದ ಸುಮಾರು 3000 ಪುಸ್ತಕಗಳು ಬೂದಿಯಾದವು. ಯಾರ್ಕ್ ನಗರ ಸುಟ್ಟದ್ದಕ್ಕೆ ಇದು ಪ್ರತೀಕಾರ ಎಂದರು. ಮರುವರ್ಷ ಜೆಫರ್ಸನ್ ತಮ್ಮ ಸ್ವಂತ ಸಂಗ್ರಹದ ಸುಮಾರು 6500 ಪುಸ್ತಕಗಳನ್ನು ಮಾರಿ ಆ ಗ್ರಂಥಾಲಯಕ್ಕೆ ಮರುಜೀವ ಕೊಟ್ಟರು.

ಬ್ಲೇಡನ್ಸ್‌ಬರ್ಗಿನಲ್ಲಿ ಅಮೆರಿಕದ ತುಕಡಿಗಳು ಬೆದರಿ ಓಡಲು ಒಂದು ಕಾರಣ ತಲೆಯ ಮೇಲೆ ಕಿರುಚುತ್ತ ಹಾರಿಬಂದ ರಾಕೆಟ್ಟುಗಳು. ಈ ರಾಕೆಟ್ಟುಗಳಿಗೂ ಕನ್ನಡ ನಾಡಿಗೂ ನೇರ ನಂಟಿದೆ. ಹೈದರಾಲಿ, ಟಿಪ್ಪು ಸುಲ್ತಾನರ ಮೈಸೂರು ಸೇನೆಯಲ್ಲಿ ರಾಕೆಟ್ ಹಾರಿಸುವ ಪ್ರತ್ಯೇಕ ದಳಗಳಿದ್ದವು. ಒಂದು ಗೇಣಿನಷ್ಟು ಉದ್ದದ ಕಬ್ಬಿಣದ ಕೊಳವೆ. ಅದರೊಳಗೆ ಗಿಡಿದು ತುಂಬಿದ ಮದ್ದು. ಅದಕ್ಕೆ ಚರ್ಮದ ಪಟ್ಟಿಯಿಂದ ಬಿಗಿದ ನಾಲ್ಕಡಿಯ ಬಿದಿರಿನ ಗಳ. ಯೂರೋಪಿನ ರಾಕೆಟ್ಟುಗಳ ಕೊಳವೆ ಕಾಗದದ ರಟ್ಟಿನದು. ಕಬ್ಬಿಣವಾದರೆ ಒಳಗಿನ ಅನಿಲದ ಒತ್ತಡವನ್ನು ಹೆಚ್ಚು ತಡೆಯುತ್ತದೆ, ಆದ್ದರಿಂದ ಹೆಚ್ಚು ದೂರ ಹಾರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಗೆ ನೂರಾರು ರಾಕೆಟ್ಟುಗಳು ಸಿಕ್ಕವು. ಕೆಲವು ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರಕ್ಕೆ ಹೋದವು. ಮೈಸೂರಿನ ಈ ಮಾದರಿಯಿಂದಲೇ ಪ್ರೇರಣೆ ಪಡೆದು ವಿಲಿಯಂ ಕಾಂಗ್ರೀವ್ ತಮ್ಮ ಹೆಸರಿನ ರಾಕೆಟ್ ರೂಪಿಸಿದರು. ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕಿವೆ. ಕಾಂಗ್ರೀವರಿಗೆ ಮಾದರಿಯಾದದ್ದು ಇಂಥವೇ.

ವಾಷಿಂಗ್ಟನ್ ಸುಟ್ಟ ಬ್ರಿಟಿಷರು ಸೆಪ್ಟೆಂಬರಿನಲ್ಲಿ ಬಾಲ್ಟಿಮೋರ್ ನಗರದ ಮೇಲೆ ಹೋದರು. ಬಂದರಿನ ಬಾಯಿಗೆ ಮೆಕ್‌ಹೆನ್ರಿ ಕೋಟೆ. ಸುಮಾರು 25 ಗಂಟೆ ಆ ಕೋಟೆಯ ಮೇಲೆ ಕಾಂಗ್ರೀವ್ ರಾಕೆಟ್ಟುಗಳೂ, ಸಾವಿರದೈನೂರಕ್ಕೂ ಹೆಚ್ಚು ಸಿಡಿಗುಂಡುಗಳೂ ಬಿದ್ದವು. ಸೆಪ್ಟೆಂಬರ್ 14ರ ಬೆಳಗ್ಗೆಯೂ ಕೋಟೆ ಅಮೆರಿಕನ್ನರ ಕೈಯಲ್ಲೇ ಇತ್ತು. ಸೆರೆಯಾಳೊಬ್ಬರ ಬಿಡುಗಡೆಗೆಂದು ಬ್ರಿಟಿಷ್ ನೌಕಾಪಡೆಯ ಬಳಿ ಬಂದು, ಕಾಳಗ ಮುಗಿಯುವ ತನಕ ಅಲ್ಲೇ ಉಳಿಯಬೇಕಾಗಿ ಬಂದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ ಅದನ್ನು ಕಂಡು ಪದ್ಯ ಬರೆದರು. 1931ರಲ್ಲಿ ಅದು ಅಮೆರಿಕದ ರಾಷ್ಟ್ರಗೀತೆಯಾಯಿತು. ಅದರಲ್ಲಿ ಬರುವ ರಾಕೆಟ್ಟಿನ ಕೆಂಪು ಬೆಳಕಿನ ವಂಶಮೂಲ ಶ್ರೀರಂಗಪಟ್ಟಣ.

ಅದೇ ವಾರ ಉತ್ತರದ ಶಾಂಪ್ಲೇನ್ ಸರೋವರದಲ್ಲಿ ಬ್ರಿಟಿಷ್ ನೌಕೆಗಳು ಸೋತವು. ಅಲ್ಲಿಂದ ಇಳಿದು ಬರುತ್ತಿದ್ದ ಹತ್ತು ಸಾವಿರದ ಸೇನೆ ಕೆನಡಕ್ಕೆ ಹಿಂದಿರುಗಿತು.

ಈಗ ಸಂಧಿಯ ಮಾತು. ಎರಡು ವರ್ಷ ಕಾದು ಯಾರೂ ಗೆಲ್ಲದ ಸ್ಥಿತಿ ಬಂದಿತ್ತು. ಘೆಂಟ್ ನಗರದಲ್ಲಿ ಆಗಸ್ಟಿನಿಂದಲೇ ಮಾತುಕತೆ ನಡೆದಿತ್ತು. ಅಮೆರಿಕದ ಕಡೆಗೆ ಜಾನ್ ಕ್ವಿನ್ಸಿ ಆಡಮ್ಸ್, ಹೆನ್ರಿ ಕ್ಲೇ, ಆಲ್ಬರ್ಟ್ ಗ್ಯಾಲಟಿನ್ ಮತ್ತಿಬ್ಬರು. ಬ್ರಿಟನ್ನಿನ ಮೊದಲ ಬೇಡಿಕೆ ಗಮನಾರ್ಹ: ಸರೋವರಗಳ ದಕ್ಷಿಣಕ್ಕೆ ಮೂಲನಿವಾಸಿಗಳಿಗೆ ಪ್ರತ್ಯೇಕ ನಾಡು ಬೇಕು. ಕೆನಡಕ್ಕೂ ಅಮೆರಿಕಕ್ಕೂ ನಡುವೆ ಅದು ತಡೆಗೋಡೆಯಾಗಲಿ ಎಂಬ ಲೆಕ್ಕ ಅದರ ಹಿಂದಿತ್ತು. ಅಮೆರಿಕನ್ನರು ಖಡಾಖಂಡಿತ ಬೇಡವೆಂದರು. ಬಾಲ್ಟಿಮೋರ್, ಶಾಂಪ್ಲೇನ್ ಸುದ್ದಿ ಲಂಡನ್ ಮುಟ್ಟಿತು. ಅಮೆರಿಕಕ್ಕೆ ಹೋಗಿ ಸೇನೆ ನಡೆಸುವಿರಾ ಎಂದು ಬ್ರಿಟಿಷ್ ಸಚಿವರು ವೆಲಿಂಗ್ಟನ್ ಡ್ಯೂಕರನ್ನು ಕೇಳಿದರು. ಸರೋವರಗಳ ಮೇಲೆ ಹಿಡಿತವಿಲ್ಲದೆ ಹೋಗಿ ಫಲವಿಲ್ಲ, ಯುದ್ಧದ ಈಗಿನ ಸ್ಥಿತಿಯಲ್ಲಿ ನೆಲ ಕೇಳುವ ಹಕ್ಕೂ ನಮಗಿಲ್ಲ ಎಂದು ಅವರು ಬರೆದರು. ಇಪ್ಪತ್ತು ವರ್ಷಗಳ ಯುದ್ಧದ ತೆರಿಗೆಯಿಂದ ಬ್ರಿಟನ್ನಿನ ಜನ ಬೇಸತ್ತಿದ್ದರು. ಸರ್ಕಾರ ಬೇಡಿಕೆ ಕೈಬಿಟ್ಟಿತು.

ಅದರ ಬದಲು ಒಂಬತ್ತನೆಯ ವಿಧಿ ಸೇರಿತು. ಮೂಲನಿವಾಸಿಗಳಿಗೆ 1811ರಲ್ಲಿದ್ದ ಹಕ್ಕು, ಆಸ್ತಿಗಳನ್ನೆಲ್ಲ ಅಮೆರಿಕ ಮರಳಿಸಬೇಕು ಎಂದಿತು ಆ ವಿಧಿ. ಅದನ್ನು ಜಾರಿ ಮಾಡಿಸುವ ಹೊಣೆ ಯಾರಿಗೂ ಇರಲಿಲ್ಲ. ಅದು ಕಾಗದದಲ್ಲೇ ಉಳಿಯಿತು. ಯುದ್ಧಕ್ಕೆ ಕಾರಣವೆಂದು ಮುಂದಿಟ್ಟಿದ್ದ ನಾವಿಕರ ಅಪಹರಣದ ಬಗ್ಗೆ ಸಂಧಿಯಲ್ಲಿ ಒಂದು ಮಾತೂ ಇಲ್ಲ. ಯೂರೋಪಿನಲ್ಲಿ ಶಾಂತಿ ಬಂದು ಬ್ರಿಟನ್ನಿಗೆ ನಾವಿಕರ ಅಗತ್ಯ ಕಡಿಮೆಯಾದ ಮೇಲೆ ಆ ಪದ್ಧತಿ ತಾನಾಗಿ ನಿಂತಿತು.

ಸಂಧಿಗೆ ಸಹಿ ಬಿದ್ದರೂ ಸುದ್ದಿ ಮತ್ತೆ ತಡವಾಯಿತು. 1815ರ ಜನವರಿ 8ರಂದು ನ್ಯೂ ಆರ್ಲಿಯನ್ಸ್ ನಗರದ ಬಳಿ ಯುದ್ಧದ ಅತಿ ಏಕಪಕ್ಷೀಯ ಕಾಳಗ ನಡೆಯಿತು. ಆಂಡ್ರೂ ಜಾಕ್ಸನ್ನರ ಪಡೆಯಲ್ಲಿ ಟೆನೆಸಿ, ಕೆಂಟಕಿಯ ತುಕಡಿಗಳು, ಸ್ವತಂತ್ರ ಕಪ್ಪು ಜನರು, ಚಾಕ್ಟಾ ಯೋಧರು, ಕಡಲ್ಗಳ್ಳರೂ ಇದ್ದರು. ಕಾಲುವೆಯ ಹಿಂದೆ ಮಣ್ಣಿನ ಗೋಡೆ ಎಬ್ಬಿಸಿ ಕಾದಿದ್ದರು. ಬಯಲಿನಲ್ಲಿ ಸಾಲುಗಟ್ಟಿ ಬಂದ ಬ್ರಿಟಿಷರಲ್ಲಿ ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ ಸುಮಾರು 2000. ಅವರ ಸೇನಾಪತಿ ಪಾಕೆನ್‌ಹ್ಯಾಮ್ ಕೂಡ ಸತ್ತರು. ಅಮೆರಿಕನ್ನರ ನಷ್ಟ ನೂರಕ್ಕೂ ಕಡಿಮೆ. ಇದು ಯುದ್ಧ ಮುಗಿದ ಮೇಲೆ ನಡೆದ ಕಾಳಗ ಎಂಬ ಮಾತು ರೂಢಿಯಲ್ಲಿದೆ. ಅದು ಪೂರ್ತಿ ಸರಿಯಲ್ಲ. ಎರಡೂ ಸರ್ಕಾರಗಳು ಅನುಮೋದಿಸಿದ ಮೇಲೆ ಮಾತ್ರ ಸಂಧಿ ಜಾರಿಗೆ ಬರುವುದೆಂಬ ಕರಾರಿತ್ತು. ಅಮೆರಿಕದ ಸೆನೆಟ್ ಅದಕ್ಕೆ ಒಪ್ಪಿದ್ದು ಫೆಬ್ರವರಿ 16ರಂದು. ಆ ಬಳಿಕವೂ ದೂರದ ಕಡಲುಗಳಲ್ಲಿ ಗುಂಡು ಹಾರುತ್ತಲೇ ಇತ್ತು. ಜೂನ್ 30ರಂದು ಜಾವಾ ದ್ವೀಪದ ಬಳಿಯ ಸುಂದಾ ಜಲಸಂಧಿಯಲ್ಲಿ ಪೀಕಾಕ್ ಎಂಬ ಅಮೆರಿಕದ ನೌಕೆ ಈಸ್ಟ್ ಇಂಡಿಯಾ ಕಂಪನಿಯ ನಾಟಿಲಸ್ ನೌಕೆಯ ಮೇಲೆ ಗುಂಡು ಹಾರಿಸಿತು. ಶಾಂತಿಯಾಗಿದೆ ಎಂದು ಕಂಪನಿಯ ಅಧಿಕಾರಿ ಹೇಳಿದರೂ ಅಮೆರಿಕದ ಕಪ್ತಾನ ನಂಬಲಿಲ್ಲ. ಹಲವರು ಸತ್ತರು. ಆ ಯುದ್ಧದ ಕೊನೆಯ ಸಮುದ್ರ ಕಾಳಗ ಅದು.

ಕಾರಣ, ನಡೆ, ಸಂಧಿ ಮೂರೂ ಆದವು. ಉಳಿದದ್ದು ಫಲ. ಮೊದಲು ಅಮೆರಿಕದ ಒಳಗೆ.

ಯುದ್ಧವನ್ನು ವಿರೋಧಿಸಿದ ಫೆಡರಲಿಸ್ಟ್ ಪಕ್ಷದವರು 1814ರ ಡಿಸೆಂಬರಿನಲ್ಲಿ ಹಾರ್ಟ್‌ಫರ್ಡ್ ಎಂಬಲ್ಲಿ ಸಭೆ ಸೇರಿ ಸಂವಿಧಾನದ ತಿದ್ದುಪಡಿಗಳನ್ನು ಕೇಳಿದ್ದರು. ಅವರ ದೂತರು ರಾಜಧಾನಿಗೆ ಬರುವ ಹೊತ್ತಿಗೇ ನ್ಯೂ ಆರ್ಲಿಯನ್ಸ್ ಗೆಲುವಿನ ಸುದ್ದಿಯೂ ಸಂಧಿಯ ಸುದ್ದಿಯೂ ಬಂದವು. ದೇಶದ ಕಷ್ಟಕಾಲದಲ್ಲಿ ಬೆನ್ನು ತೋರಿದವರು ಎಂಬ ಕಳಂಕ ಆ ಪಕ್ಷಕ್ಕೆ ಅಂಟಿತು. ಕೆಲವೇ ವರ್ಷಗಳಲ್ಲಿ ರಾಷ್ಟ್ರಮಟ್ಟದಲ್ಲಿ ಅದರ ಹೆಸರಿಲ್ಲವಾಯಿತು. ರಾಷ್ಟ್ರೀಯ ಸಾಲ ನಾಲ್ಕೂವರೆ ಕೋಟಿ ಡಾಲರಿನಿಂದ ಹನ್ನೆರಡು ಕೋಟಿ ದಾಟಿತು. ರಾಷ್ಟ್ರೀಯ ಬ್ಯಾಂಕ್ ಇಲ್ಲದೆ ಯುದ್ಧ ನಡೆಸಿದ ಕಷ್ಟ ಉಂಡವರು 1816ರಲ್ಲಿ ಎರಡನೆಯ ರಾಷ್ಟ್ರೀಯ ಬ್ಯಾಂಕ್ ಸ್ಥಾಪಿಸಿದರು.

ದಿಗ್ಬಂಧನದ ವರ್ಷಗಳಲ್ಲಿ ಹೊರಗಿನ ಬಟ್ಟೆ ಬರದೆ ಅಮೆರಿಕದಲ್ಲಿ ಗಿರಣಿಗಳು ಎದ್ದವು. ಬಾಸ್ಟನ್ನಿನ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಮತ್ತು ಸಂಗಡಿಗರು 1813ರಲ್ಲಿ ಕಂಪನಿ ಕಟ್ಟಿ, ವಾಲ್ಥಮ್ ಎಂಬಲ್ಲಿ ನೂಲುವುದನ್ನೂ ನೇಯುವುದನ್ನೂ ಒಂದೇ ಸೂರಿನಡಿ ತಂದರು. ಶಾಂತಿ ಬಂದೊಡನೆ ಹೊರಗಿನ ಅಗ್ಗದ ಬಟ್ಟೆ ಮತ್ತೆ ನುಗ್ಗಿತು. ಅದರಲ್ಲಿ ಭಾರತದ ಒರಟು ಹತ್ತಿಬಟ್ಟೆಯೂ ಇತ್ತು. 1816ರ ಸುಂಕದ ಕಾನೂನಿಗೆ ಲೋವೆಲ್ ಒಂದು ಉಪಾಯ ಸೇರಿಸಿದರು. ಚದರ ಗಜಕ್ಕೆ ಎಷ್ಟೇ ಕಡಿಮೆ ಬೆಲೆಯ ಹತ್ತಿಬಟ್ಟೆಯಾಗಲಿ, 25 ಸೆಂಟ್ ಬೆಲೆಯದೆಂದೇ ಎಣಿಸಿ, ಅದರ ಕಾಲುಭಾಗ ಸುಂಕ ವಸೂಲು ಮಾಡಬೇಕು. ನಯವಾದ ದುಬಾರಿ ಬಟ್ಟೆಗೆ ಇದರಿಂದ ತೊಂದರೆಯಿಲ್ಲ. ಅಗ್ಗದ ಬಟ್ಟೆಗೆ ಮಾತ್ರ ಅಸಲಿಗೆ ಹೋಲಿಸಿದರೆ ಭಾರಿ ಹೊರೆ. ಭಾರತದ ಒರಟು ಬಟ್ಟೆ ಅಮೆರಿಕದ ಪೇಟೆಯಿಂದ ಹೊರಬಿತ್ತು. ಇಲ್ಲಿನ ನೇಕಾರನೂ ಕರೆಯದೆ ಉಳಿದವರ ಸಾಲಿಗೆ ಸೇರುತ್ತಾನೆ.

ಕೆನಡದ ಫಲ ಬೇರೆ ಬಗೆಯದು. ಇಂಗ್ಲಿಷ್ ಮಾತಾಡುವವರೂ ಫ್ರೆಂಚ್ ಮಾತಾಡುವವರೂ ಸೇರಿ ಅಮೆರಿಕದ ದಾಳಿಯನ್ನು ತಡೆದಿದ್ದರು. ನಾವು ಅಮೆರಿಕನ್ನರಲ್ಲ ಎಂಬ ಅರಿವು ಅಲ್ಲಿ ಗಟ್ಟಿಯಾಯಿತು. 1817ರ ರಷ್–ಬ್ಯಾಗಟ್ ಒಪ್ಪಂದದ ಪ್ರಕಾರ ಎರಡೂ ಕಡೆಯವರು ಸರೋವರಗಳ ಮೇಲೆ ಬೆರಳೆಣಿಕೆಯ ಸಣ್ಣ ಸಶಸ್ತ್ರ ನೌಕೆಗಳನ್ನಷ್ಟೇ ಉಳಿಸಿಕೊಂಡರು. ಮರುವರ್ಷ ಸರೋವರಗಳ ಪಶ್ಚಿಮಕ್ಕೆ ರಾಕಿ ಪರ್ವತಗಳವರೆಗೆ 49ನೆಯ ಅಕ್ಷಾಂಶ ಗಡಿಯಾಯಿತು. ಬ್ರಿಟನ್ನಿಗೂ ಅಮೆರಿಕಕ್ಕೂ ಮತ್ತೆ ಯುದ್ಧವಾಗಲಿಲ್ಲ.

ಯುದ್ಧದ ಗಲಭೆಯಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಕಂಡವರೂ ಇದ್ದಾರೆ. ತಮ್ಮ ಕಡೆ ಬಂದವರಿಗೆ ಸ್ವಾತಂತ್ರ್ಯವೆಂದು ಬ್ರಿಟಿಷ್ ನೌಕಾಧಿಪತಿ ಕಾಕ್ರೇನ್ 1814ರಲ್ಲಿ ಸಾರಿದರು. ಸುಮಾರು 4000 ಕಪ್ಪು ಜನರು ತೋಟಗಳಿಂದ ಪಾರಾಗಿ ಬ್ರಿಟಿಷ್ ಹಡಗು ಹತ್ತಿದರು. ಹಲವರು ನೋವಾ ಸ್ಕೋಷಿಯದಲ್ಲಿ, ಕೆಲವರು ಟ್ರಿನಿಡಾಡಿನಲ್ಲಿ ನೆಲೆಸಿದರು. ಅವರನ್ನು ಹಿಂದಿರುಗಿಸಬೇಕೆಂದು ಅಮೆರಿಕ ಹಟ ಹಿಡಿಯಿತು. ಬ್ರಿಟನ್ ಒಪ್ಪಲಿಲ್ಲ. ಕೊನೆಗೆ 1826ರಲ್ಲಿ ಸುಮಾರು 12 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಹಣ ಹೋದದ್ದು ಮಾಲೀಕರಿಗೆ.

ಅಮೆರಿಕದ ಗಿರಣಿ, ಕೆನಡದ ಗಡಿ, ಪಾರಾದ ಗುಲಾಮರು, ಇಷ್ಟರ ನಂತರ ಉಳಿದವರು ಮೂಲನಿವಾಸಿಗಳು. ಅತಿ ದೊಡ್ಡ ಫಲ ಅವರ ಪಾಲಿನದು. ದಕ್ಷಿಣದಲ್ಲಿ ಇದೇ ವರ್ಷಗಳಲ್ಲಿ ಕ್ರೀಕ್ ಜನಾಂಗದ ಒಂದು ಪಂಗಡ ಅಮೆರಿಕದ ವಿರುದ್ಧ ಎದ್ದಿತ್ತು. 1814ರ ಮಾರ್ಚ್ 27ರಂದು ಅಲಬಾಮದಲ್ಲಿ, ಕುದುರೆ ಲಾಳದಂತೆ ಬಳಸಿ ಹರಿಯುವ ನದಿಯ ತಿರುವಿನಲ್ಲಿ, ಜಾಕ್ಸನ್ ಆ ಪಂಗಡವನ್ನು ಸುತ್ತುವರಿದರು. ಜಾಕ್ಸನ್ನರ ಜೊತೆ ನೂರಾರು ಚೆರೋಕಿ ಯೋಧರಿದ್ದರು. ಕೆಲವು ಚೆರೋಕಿಗಳು ನದಿ ಈಜಿ ಎದುರು ದಡದ ದೋಣಿಗಳನ್ನು ಎಳೆತಂದರು. ಆ ದೋಣಿಗಳಲ್ಲಿ ದಾಟಿ ಹಿಂದಿನಿಂದ ಎರಗಿದರು. ಗೆಲುವಿಗೆ ಅದೇ ದಾರಿಯಾಯಿತು. ಎಂಟುನೂರಕ್ಕೂ ಹೆಚ್ಚು ಕ್ರೀಕ್ ಜನ ಸತ್ತರು. ಆಗಸ್ಟಿನಲ್ಲಿ ಜಾಕ್ಸನ್ ಬರೆಸಿದ ಒಪ್ಪಂದದಲ್ಲಿ ಕ್ರೀಕರು ಸುಮಾರು 2 ಕೋಟಿ 30 ಲಕ್ಷ ಎಕರೆ ಬಿಟ್ಟುಕೊಟ್ಟರು. ಜಾಕ್ಸನ್ನರ ಪರವಾಗಿ ಕಾದಿದ್ದ ಕ್ರೀಕರ ನೆಲವೂ ಅದರಲ್ಲಿ ಸೇರಿತ್ತು. ಘೆಂಟಿನ ಒಂಬತ್ತನೆಯ ವಿಧಿಯ ಪ್ರಕಾರ ಅಮೆರಿಕ ಈ ನೆಲವನ್ನು ಮರಳಿಸಬೇಕಿತ್ತು. ಮರಳಿಸಲಿಲ್ಲ. ಬ್ರಿಟನ್ ಒತ್ತಾಯ ಮಾಡಲೂ ಇಲ್ಲ.

ನಂತರದ ಹೆಜ್ಜೆಗಳು ಬೇಗ ಬೇಗ ಬಿದ್ದವು. 1816ರಿಂದ 1819ರೊಳಗೆ ಇಂಡಿಯಾನ, ಮಿಸಿಸಿಪ್ಪಿ, ಇಲಿನಾಯ್, ಅಲಬಾಮ ಹೊಸ ಸಂಸ್ಥಾನಗಳಾದವು. ಕ್ರೀಕರ ನೆಲದಲ್ಲಿ ಹತ್ತಿ ಬೆಳೆಯಿತು. ಬೆಳೆಯಲು ಗುಲಾಮರನ್ನು ಸಾವಿರಗಟ್ಟಲೆ ಅಲ್ಲಿಗೆ ಸಾಗಿಸಿದರು. ಯುದ್ಧದ ಕೀರ್ತಿ ಹೊತ್ತ ಜಾಕ್ಸನ್ 1829ರಲ್ಲಿ ಅಧ್ಯಕ್ಷರಾದರು, ಹ್ಯಾರಿಸನ್ 1841ರಲ್ಲಿ. ಜಾಕ್ಸನ್ 1830ರಲ್ಲಿ ಸಹಿ ಹಾಕಿದ ಕಾನೂನು ಪೂರ್ವದ ಮೂಲನಿವಾಸಿಗಳನ್ನು ಮಿಸಿಸಿಪ್ಪಿಯ ಆಚೆಗೆ ಕಳಿಸುವುದಕ್ಕೆ ದಾರಿ ಮಾಡಿತು. ನ್ಯೂ ಆರ್ಲಿಯನ್ಸಿನಲ್ಲಿ ಅವರ ಜೊತೆ ಕಾದಿದ್ದ ಚಾಕ್ಟಾಗಳು ಮೊದಲು ಹೊರಟರು. ನದಿ ಈಜಿ ದೋಣಿ ತಂದುಕೊಟ್ಟಿದ್ದ ಚೆರೋಕಿ ಜನರನ್ನು 1838ರಲ್ಲಿ ಸೈನ್ಯ ಮನೆಮನೆಗಳಿಂದ ಹೊರಡಿಸಿತು. ಆ ಪಯಣದಲ್ಲೂ ಅದಕ್ಕೆ ಮುಂಚಿನ ಶಿಬಿರಗಳಲ್ಲೂ ಸುಮಾರು 4000 ಜನ ಸತ್ತರೆಂಬ ಅಂದಾಜಿದೆ. ಟೆಕಮ್ಸೆ ಕಾಯಲು ಹೊರಟಿದ್ದ ಉತ್ತರದ ನೆಲದಿಂದ ಶಾನಿ ಜನರೂ ಪಶ್ಚಿಮಕ್ಕೆ ಹೋಗಬೇಕಾಯಿತು. ಅವರ ವಂಶಸ್ಥರಲ್ಲಿ ಬಹುಪಾಲು ಜನ ಇಂದು ಬಾಳುತ್ತಿರುವುದು ಒಕ್ಲಹೋಮದಲ್ಲಿ.